ಲಾಭದ ಮುಳುಗು

ನಾನು ಒಂದು ಲಾರಿಯ ಟ್ಯೂಬು. ಟಯರಲ್ಲ, ಟ್ಯೂಬು. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮಿಬ್ಬರನ್ನು ಒಂದೇ ಎಂದು ತಿಳಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ರಸ್ತೆಯ ಮೇಲೆ ಮೆರೆಯುವವನು ಟಯರು. ಅವನ ಹೊಟ್ಟೆಯೊಳಗೆ ಕತ್ತಲಲ್ಲಿ ಕೂತು, ಉಸಿರು ಬಿಗಿಹಿಡಿದು, ಇಡೀ ಲಾರಿಯ ಭಾರ ಹೊರುವವನು ನಾನು. ದುಡಿದವನು ಒಬ್ಬ, ಹೆಸರು ಹೊಡೆದವನು ಇನ್ನೊಬ್ಬ. ಇರಲಿ ಬಿಡಿ, ಹಳೇ ಸಿಟ್ಟು.

ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ. ಕರೀ ರಬ್ಬರಿನ ಉದ್ದ ಕೊಳವೆಯಾಗಿದ್ದ ನನ್ನ ತಲೆಯನ್ನೂ ಬಾಲವನ್ನೂ ಸೇರಿಸಿ ಅಂಟಿಸಿದರು, ಬಿಸಿ ಅಚ್ಚಿನೊಳಗೆ ಹಾಕಿ ಬೇಯಿಸಿದರು. ಮೈಗೊಂದು ವಾಲ್ವು ಕೂರಿಸಿ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಅದುಮಿದರು. ಎಲ್ಲಿಂದಲೂ ಗುಳ್ಳೆ ಏಳಲಿಲ್ಲ. ಆ ಕ್ಷಣ ನನಗೆ ಬಹಳ ಹೆಮ್ಮೆಯಾಯಿತು. ಒಬ್ಬ ಕೆಲಸಗಾರ ನನ್ನನ್ನು ಮಡಚಿ ಪೆಟ್ಟಿಗೆಗೆ ಹಾಕಿದ.

ಆಮೇಲೆ ಆರು ವರ್ಷ ಮೀನು ಲಾರಿಯ ಹಿಂದಿನ ಚಕ್ರದಲ್ಲಿದ್ದೆ. ಡ್ರೈವರ್ ಲಾಜರ್. ಬಂಗಡೆ, ಐಸು, ಮತ್ತೆ ಬಂಗಡೆ. ಎಷ್ಟೋ ಊರು ಸುತ್ತಿದೆ, ಒಂದನ್ನೂ ಕಣ್ಣಾರೆ ಕಾಣಲಿಲ್ಲ. ಊರುಗಳನ್ನು ನಾನು ಹೊಂಡಗಳಿಂದ ಗುರುತಿಸುತ್ತಿದ್ದೆ. ದಡ್ ಎಂದರೆ ಒಂದು ಊರು, ದಡದಡ ಎಂದರೆ ಇನ್ನೊಂದು. ಮೇಲಿನಿಂದ ಲಾಜರನ ಬೈಗುಳ ಕೇಳಿದರೆ ಎದುರಿಗೆ ಬಸ್ಸು ಬಂದಿದೆ ಎಂದು ಅರ್ಥ. ಅವನು ಒಳ್ಳೆಯವನೇ. ಆದರೆ ಟಯರನ್ನು ಒದ್ದು ನೋಡುತ್ತಿದ್ದನೇ ಹೊರತು ಒಳಗೊಬ್ಬ ಇದ್ದಾನೆ ಎಂಬ ಯೋಚನೆ ಅವನಿಗೆ ಬರಲೇ ಇಲ್ಲ.

ಒಂದು ಡಿಸೆಂಬರಿನ ಬೆಳಿಗ್ಗೆ, ಕುಂದಾಪುರದ ಕಡೆಯ ಕೋಡಿತೊಪ್ಲು ಎಂಬ ಸಣ್ಣ ಕಡಲೂರಿನ ಹೆದ್ದಾರಿಯಲ್ಲಿ ನನಗೆ ಮೊಳೆ ಚುಚ್ಚಿತು. ಅದು ನಾಲ್ಕನೆಯ ಸಲ. ರಸ್ತೆ ಬದಿಯ ಪಂಚರ್ ಅಂಗಡಿಯ ಸುಧಾಕರ ಮೊಗವೀರ ಟಯರು ಬಿಚ್ಚಿ ನನ್ನನ್ನು ಹೊರಗೆಳೆದ. ಹಿಂದಿನ ಮೂರೂ ಸಲ ಚುಚ್ಚಿದ್ದು ನಡುರಾತ್ರಿ, ಹಗಲ ಬೆಳಕೆಂದರೆ ಏನು ಎಂದು ಈಗ ಗೊತ್ತಾಯಿತು. ಅಂಗಡಿಯ ಹಿಂದೆ ಗಾಳಿಮರಗಳು, ಗಾಳಿಮರಗಳ ಹಿಂದೆ ನೀಲಿ. ಅಷ್ಟು ನೀಲಿ ಒಂದೇ ಕಡೆ ಇರಬಹುದು ಎಂದು ನಾನು ಎಣಿಸಿರಲಿಲ್ಲ.

"ಇದ್ ಇನ್ ಲಾರಿಗೆ ಆತಿಲ್ಲ ಮಾರಾಯ್ರೆ" ಎಂದ ಸುಧಾಕರ.

"ಹಂಗಾರೆ ಹೊಸ್ತ್ ಹಾಕ್. ಇದನ್ನ ನೀನೇ ಇಟ್ಕೋ" ಎಂದು ಹೇಳಿ ಲಾಜರ್ ಚಹಾ ಕುಡಿಯಲು ಹೋದ. ಆರು ವರ್ಷದ ಸಂಬಂಧ ಅಷ್ಟರಲ್ಲಿ ಮುಗಿಯಿತು.

ಸುಧಾಕರ ನನಗೆ ತೇಪೆ ಹಾಕಿ ಗಾಳಿ ತುಂಬಿದ. "ಲಾರಿಗಲ್ದಿದ್ರೆ ಎಂತ, ಕಡ್ಲಿಗೆ ಸಾಕ್" ಎಂದು ಬೆನ್ನು ತಟ್ಟಿ, ಅಂಗಡಿಯ ಹಿಂದೆಯೇ ಇದ್ದ ಮನೆಗೆ ಉರುಳಿಸಿಕೊಂಡು ಹೋದ.

ಮನೆಯಲ್ಲಿ ಮೂವರು ಹೆಂಗಸರು. ಸುಧಾಕರನ ತಾಯಿ ದಾರು ಅಜ್ಜಿ, ನಲವತ್ತು ವರ್ಷ ತಲೆಮೇಲೆ ಬುಟ್ಟಿ ಹೊತ್ತು ಮೀನು ಮಾರಿದ ಗಟ್ಟಿ ಜೀವ. ಹೆಂಡತಿ ಜಲಜ. ಮಗಳು ರಮಿತಾ, ಏಳನೇ ಕ್ಲಾಸು. ರಮಿತಾ ನನ್ನನ್ನು ಕಂಡದ್ದೇ ತಡ, ಎರಡೂ ಕೈಯಲ್ಲಿ ತಬ್ಬಿಕೊಂಡಳು. ಅಷ್ಟರಲ್ಲಿ ಜಲಜ ಒಳಗಿನಿಂದ ಬಂದಳು.

"ಎಂತಕ್ಕೆ ತಂದದ್ದ್ ಇದನ್ನ? ನನ್ನ ಹರ್ಕೆ ತೀರ್ದೆ ಮಗ್ಳ್ ಕಡ್ಲ್ ನೀರ್ ಮುಟ್ಟೂಕಾಗ ಅಂತ ಗೊತ್ತಿಲ್ಯಾ ನಿಮ್ಗೆ?"

ಆ ಹರಕೆಯ ಕತೆ ನನಗೆ ತಿಳಿದದ್ದು ಅಜ್ಜಿಯ ಬಾಯಿಂದ. ಅಜ್ಜಿ ಅದನ್ನು ದಿನಕ್ಕೆರಡು ಸಲ ಹೇಳುತ್ತಾಳೆ, ಕೇಳುವವರು ಬೇಕೆಂದೇನಿಲ್ಲ. ಜಲಜ ಒಳನಾಡಿನವಳು. ಅವಳ ತವರಿನಲ್ಲಿ ನೀರೆಂದರೆ ಬಾವಿಯಲ್ಲಿ ಇರುವುದು, ಕರೆದಾಗ ಮಾತ್ರ ಮೇಲೆ ಬರುವುದು. ಮದುವೆಯಾದ ವರ್ಷ ಎಳ್ಳಮಾವಾಸ್ಯೆಯ ಸಮುದ್ರಸ್ನಾನಕ್ಕೆ ಇಳಿದವಳನ್ನು ಒಂದು ತೆರೆ ಬಂದು ಉರುಳಿಸಿತು. ಸುಧಾಕರ ಜುಟ್ಟು ಹಿಡಿದು ಎಳೆದು ತಂದ. ಬಳೆ ಹೋಯಿತು, ಮಾನವೂ ಹೋಯಿತು ಎಂದುಕೊಂಡ ಜಲಜ ಇನ್ನು ಜನ್ಮದಲ್ಲಿ ಕಡಲಿಗೆ ಇಳಿಯುವುದಿಲ್ಲ ಎಂದಳು.

ಮುಂದೆ ರಮಿತಾ ಹನ್ನೊಂದು ತಿಂಗಳ ಕೂಸಾಗಿದ್ದಾಗ ಜ್ವರ ನೆತ್ತಿಗೇರಿ ಕಣ್ಣು ಮೇಲೆ ಮಾಡಿತು. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಜಲಜ ಕಡಲ ದಡದ ಈಶ್ವರ ದೇವರಿಗೆ ಹರಕೆ ಹೊತ್ತಳು. ಸುಲಭದ್ದು ಹೇಳಿದರೆ ದೇವರು ಕೇಳಬೇಕಲ್ಲ? ತೆಂಗಿನಕಾಯಿ, ಹೂವಿನ ಪೂಜೆ ಎಲ್ಲ ಬಿಟ್ಟು, ತನ್ನಿಂದ ಯಾವುದು ಸಾಧ್ಯವೇ ಇಲ್ಲವೋ ಅದನ್ನೇ ಹೇಳಿದಳು: ಕೂಸು ಉಳಿದರೆ ಎಳ್ಳಮಾವಾಸ್ಯೆಯ ದಿನ ಕಡಲಲ್ಲಿ ಮೂರು ಮುಳುಗು ಹಾಕುತ್ತೇನೆ, ಅದಾಗುವ ತನಕ ಕೂಸಿಗೆ ಕಡಲ ನೀರು ಮುಟ್ಟಿಸುವುದಿಲ್ಲ.

ಕೂಸು ಉಳಿಯಿತು. ದೇವರು ತನ್ನ ಮಾತು ನಡೆಸಿದ. ಹನ್ನೊಂದು ಎಳ್ಳಮಾವಾಸ್ಯೆ ಬಂದು ಹೋದವು. ಪ್ರತಿ ವರ್ಷವೂ ಜಲಜ ಮರಳಿನ ತನಕ ಹೋಗಿ, ಗಂಡ ತಂದುಕೊಟ್ಟ ಒಂದು ಚೊಂಬು ಕಡಲ ನೀರನ್ನು ತಲೆಗೆ ಹೊಯ್ದುಕೊಂಡು, ಅಳುತ್ತಾ ವಾಪಸು ಬಂದಳು.

"ಹೆಸ್ರ್ ಜಲಜ. ನೀರ್ ಕಂಡ್ರೆ ಬೆಕ್ಕಿನ ಹಾಂಗೆ ಓಡ್ತ್" ಎಂದು ಅಜ್ಜಿ ಕತೆ ಮುಗಿಸುತ್ತಿದ್ದಳು.

ನಮ್ಮ ಕರಾವಳಿಯ ಚಳಿಯೂ ಒಂದು ಚಳಿಯೇ? ಬೆಳಿಗ್ಗೆ ಕಿವಿಗೆ ಮಫ್ಲರ್ ಸುತ್ತಿದವರು ಹತ್ತು ಗಂಟೆಗೆ ಅದರಲ್ಲೇ ಬೆವರು ಒರೆಸಿಕೊಳ್ಳುತ್ತಾರೆ. ಆದರೆ ಕಡಲಿಗೆ ಮಾತ್ರ ಅದು ಬುದ್ಧಿ ಬರುವ ಕಾಲ. ಮಳೆಗಾಲದಲ್ಲಿ ಊರನ್ನೇ ಹೆದರಿಸಿದ ಕಡಲು ಆಗ ಸಾಕಿದ ಎಮ್ಮೆಯಂತೆ ಮಲಗಿರುತ್ತದೆ. ಆಯ್ತವಾರದ ರಜೆ ಬಂತೆಂದರೆ ಊರಿಗೆ ಊರೇ ಮರಳಿನ ಮೇಲೆ. ಚಾಪೆ, ಅವಲಕ್ಕಿ ಡಬ್ಬಿ, ಒಂದು ಚೆಂಡು, ಇಷ್ಟಿದ್ದರೆ ಹಬ್ಬ. ಟಿಕೇಟಿಲ್ಲ, ಬಸ್ಸಿಲ್ಲ. ಗಂಡಸರು ಲಗೋರಿಯಲ್ಲಿ ಮಕ್ಕಳಿಗೆ ಮೋಸ ಮಾಡುತ್ತಾರೆ, ಹೆಂಗಸರು ಸೀರೆ ಎತ್ತಿಕಟ್ಟಿ ತೆರೆಗೆ ಕಾಲು ಕೊಡುತ್ತಾರೆ.

ನಮ್ಮ ಮನೆಯವರೂ ಹೋದರು. ರಮಿತಾ ತೆರೆ ಮುಟ್ಟದಷ್ಟು ದೂರದಲ್ಲಿ ಕೂತಳು. ಮತ್ತೆ ನಾನು? ನನ್ನನ್ನು ಮರಳಿನ ಮೇಲೆ ಮಲಗಿಸಿ ನಡುವೆ ಸುಟ್ಟ ಗೆಣಸಿನ ತಟ್ಟೆ ಇಟ್ಟರು! ಹತ್ತು ಟನ್ನು ಬಂಗಡೆ ಹೊತ್ತ ನನಗೆ, ಕಡಲು ಕಣ್ಣೆದುರು ಇರುವಾಗ, ಗೆಣಸು ಕಾಯುವ ಕೆಲಸ. ಅಜ್ಜಿ ನನ್ನ ಮೇಲೆಯೇ ಕೂತು ಸಿಪ್ಪೆ ಸುಲಿದಳು. ಸಿಟ್ಟಿಗೆ ಒಂದು ತೇಪೆ ಬಿಡೋಣವೆನ್ನಿಸಿತು.

ಅಷ್ಟರಲ್ಲಿ ರಮಿತಾಳ ಕ್ಲಾಸಿನ ಹುಡುಗಿಯರು ನೀರಿನಿಂದ ಕೂಗಿದರು. "ಒಣಮೀನೇ! ಓ ಒಣಮೀನೇ! ಬತ್ತಿಲ್ಯಾ?"

ಕಡಲೂರಲ್ಲಿ ಹುಟ್ಟಿಯೂ ಕಾಲು ಒದ್ದೆ ಮಾಡಿಕೊಳ್ಳದವಳಿಗೆ ಶಾಲೆಯಲ್ಲಿ ಇಟ್ಟ ಹೆಸರು. ರಮಿತಾ ಮನೆಯಲ್ಲಿ ಅದನ್ನು ಯಾವತ್ತೂ ಹೇಳಿರಲಿಲ್ಲ. ಅವಳು ನನ್ನ ಮೈಗೆ ಮುಖ ಒತ್ತಿಕೊಂಡಳು. ಉಪ್ಪುನೀರಿನ ರುಚಿ ನನಗೆ ಮೊದಲು ಗೊತ್ತಾದದ್ದು ಕಡಲಿನಿಂದಲ್ಲ, ಅವಳ ಕಣ್ಣಿನಿಂದ. ನೋಡಿದರೆ ಜಲಜ ಗೆಣಸು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದಾಳೆ. ಅವಳ ಕಿವಿಗೂ ಬಿದ್ದಿತ್ತು.

ಅದೇ ಹೊತ್ತಿಗೆ ದಡದಲ್ಲಿ ಕೈರಂಪಣಿ ಬಲೆ ಎಳೆಯಲು ಜನರನ್ನು ಕೂಗಿ ಕರೆದರು. ದೋಣಿಯವರು ದೊಡ್ಡ ಬಲೆಯನ್ನು ಕಡಲಲ್ಲಿ ಅರ್ಧಚಂದ್ರದಂತೆ ಬಿಟ್ಟು ಬರುತ್ತಾರೆ. ಅದರ ಎರಡು ತುದಿಯ ಹಗ್ಗವನ್ನು ದಡದಿಂದ ಎಳೆಯಬೇಕು. ಹಗ್ಗಕ್ಕೆ ಕೈ ಕೊಟ್ಟವರಿಗೆಲ್ಲ ಒಂದೊಂದು ಹಿಡಿ ಮೀನು. ಜಲಜ ಎದ್ದು ಹೋಗಿ ಹಗ್ಗ ಹಿಡಿದಳು. ಬಾವಿಹಗ್ಗದಲ್ಲಿ ಪಳಗಿದ ಕೈ, ಮೇಲಾಗಿ ಮಗಳ ಸಂಕಟದ ಸಿಟ್ಟು. ಅವಳು ಎಳೆದ ರಭಸಕ್ಕೆ ಹಿಂದಿನ ಗಂಡಸರು ಮುಗ್ಗರಿಸಿದರು. "ಐಸಾ!" ಎಂದಾಗಲೆಲ್ಲ ಹಗ್ಗದ ಜೊತೆ ಮುಂದೆ ಹೋಗಿ ಹೊಸ ಹಿಡಿತ ಹಿಡಿದಳು.

"ಅಬ್ಬೀ!" ರಮಿತಾ ಚೀರಿದಳು. "ನಿನ್ನ ಕಾಲ್ ಕಾಣ್!"

ಜಲಜ ಕೆಳಗೆ ನೋಡಿದಳು. ಮೊಣಕಾಲಿನ ತನಕ ಕಡಲು! ಅಯ್ಯಯ್ಯೋ ಎಂದು ಹಗ್ಗ ಬಿಟ್ಟು ಓಡಿ ಬಂದು ನನ್ನ ಮೇಲೆ ಧೊಪ್ಪೆಂದು ಬಿದ್ದಳು. ಅಜ್ಜಿ ನಕ್ಕು ನಕ್ಕು ಕೆಮ್ಮಿದಳು. ಜಲಜ ನಗಲಿಲ್ಲ. ಒದ್ದೆಯಾದ ಕಾಲನ್ನೇ ಬಹಳ ಹೊತ್ತು ನೋಡಿ, ಗಂಡನಿಗೆ ಹೇಳಿದಳು: "ಹ್ವಾಯ್, ಬಪ್ಪು ಆಯ್ತ್ವಾರ ಟ್ಯೂಬಿಗೆ ಸಮಾ ಗಾಳಿ ಹಾಕಿ."

ಎಳ್ಳಮಾವಾಸ್ಯೆಗೆ ಇನ್ನು ಮೂರು ವಾರ ಇತ್ತು.

ಮುಂದಿನ ಆಯ್ತವಾರ ಹೊಳೆಬಾಗಿಲಿಗೆ ಹೋದೆವು. ಹೊಳೆ ಕಡಲು ಸೇರುವ ಆ ಜಾಗದಲ್ಲಿ ನೀರು ಸೊಂಟಕ್ಕಿಂತ ಕಡಿಮೆ, ತೆರೆಯ ಗಲಾಟೆ ಇಲ್ಲ. ಮೊದಲ ಸಲ ನಾನು ತೊಟ್ಟಿ ಬಿಟ್ಟು ತೆರೆದ ನೀರಿಗಿಳಿದೆ. ಆಹಾ! ಮೈಮೇಲೆ ಲಾರಿ ಇಲ್ಲದೆ ಇರುವುದೆಂದರೆ ಇದೇ ಎಂದು ಗೊತ್ತಾಯಿತು. ಜಲಜ ನನ್ನ ನಡುವೆ ಕೂತಳು, ಉಗುರು ಊರಿ ಹಿಡಿದಳು, ಇದ್ದಬದ್ದ ದೇವರನ್ನೆಲ್ಲ ಕರೆದಳು. ಅಷ್ಟು ಜೋಪಾನವಾಗಿ ನಾನು ಯಾರನ್ನೂ ಹೊತ್ತಿಲ್ಲ. ನನಗೆ ಕಟ್ಟಿದ ಹಗ್ಗದ ತುದಿ ಒಣ ಮರಳಿನಲ್ಲಿ ನಿಂತ ರಮಿತಾಳ ಕೈಯಲ್ಲಿತ್ತು. "ಹೆದ್ರಬೇಡ ಅಬ್ಬಿ, ನಾನ್ ಹಿಡ್ಕಂಡಿದ್ದೆ" ಎಂದು ಮಗಳು ತಾಯಿಗೆ ಧೈರ್ಯ ಹೇಳುವುದನ್ನು ಕೇಳಿ ಸುಧಾಕರ ಆ ಕಡೆ ಮುಖ ತಿರುಗಿಸಿದ. ಅರ್ಧ ಗಂಟೆಯಲ್ಲಿ ಜಲಜ ಕಣ್ಣು ಬಿಟ್ಟಳು. ಒಂದು ಗಂಟೆಯಲ್ಲಿ ಕಾಲಾಡಿಸಿದಳು. ಮನೆಗೆ ಹೋಗೋಣ ಎಂದರೆ ಏಳಲೊಲ್ಲಳು!

ನಾನು ಗೆದ್ದೆ ಎಂದುಕೊಂಡೆ. ದಾರು ಅಜ್ಜಿ ದಡದಿಂದ ತಣ್ಣೀರು ಎರಚಿದಳು.

"ಹೆಣೇ, ನೀ ಹರ್ಕೆ ಹೊತ್ತದ್ದ್ ತೇಲೂಕಾ, ಮುಳ್ಗೂಕಾ?"

ಹೌದಲ್ಲ! ಇದನ್ನು ಯಾರೂ ಯೋಚಿಸಿರಲಿಲ್ಲ. ನನ್ನ ಕುಲಕ್ಕೆ ತೇಲುವುದೊಂದೇ ಗೊತ್ತು. ನನ್ನನ್ನು ಹಿಡಿದಿರುವ ತನಕ ಜಲಜ ಮುಳುಗುವಂತಿಲ್ಲ. ಮುಳುಗದೆ ಹರಕೆ ತೀರುವಂತಿಲ್ಲ. ಆ ರಾತ್ರಿ, ಹೇಳಲು ನಾಚಿಕೆ, ನನ್ನ ತೇಪೆಯೊಂದರಿಂದ ಸ್ವಲ್ಪ ಗಾಳಿ ಹೋಯಿತು.

ಜಲಜ ಸೋಲಲಿಲ್ಲ. ಮರುದಿನದಿಂದ ಪಂಚರ್ ಅಂಗಡಿಯ ನೀರಿನ ತೊಟ್ಟಿಯೇ ಅವಳ ಕಡಲು. ಸುಧಾಕರ ಟ್ಯೂಬುಗಳ ತೂತು ಹುಡುಕುವ ಆ ತೊಟ್ಟಿಗೆ ದಿನಾ ಬೆಳಿಗ್ಗೆ ಹೊಸ ನೀರು ತುಂಬಿ, ಮೂಗು ಹಿಡಿದು ಮುಖ ಅದ್ದುವುದು, ಬುಳುಬುಳು ಎನ್ನಿಸಿ ಎದ್ದು ಕೆಮ್ಮುವುದು.

"ಗುಳ್ಳೆ ಬತ್ತಾ ಇತ್ತ್. ಪಂಚರ್ ಎಲ್ಲಿ ಕಾಂಬ" ಎಂದು ಸುಧಾಕರ ರೇಗಿಸಿದ.

"ನಿಮ್ಮ ನಾಲಿಗೆಗೊಂದ್ ತೇಪೆ ಹಾಕ್ಕಣಿ" ಎಂದಳು ಜಲಜ, ಮತ್ತೆ ಮುಖ ಅದ್ದಿದಳು. ರಿಕ್ಷಾದವರು, ಬೈಕಿನವರು ಪಂಚರ್ ಮರೆತು ನಿಂತು ನೋಡಿದರು.

ಎಳ್ಳಮಾವಾಸ್ಯೆಯ ಬೆಳಿಗ್ಗೆ. ಮೂಡುಗಾಳಿ ಸಣ್ಣಗೆ ಬೀಸುತ್ತಿತ್ತು. ಕಡಲ ಕರೆಯಲ್ಲಿ ಕಾಲಿಡಲು ಜಾಗವಿಲ್ಲ. ಕೈಯಲ್ಲಿ ಎಳ್ಳು ಹಿಡಿದು ಸಂಸಾರಕ್ಕೆ ಸಂಸಾರ ಕೈ ಕೈ ಹಿಡಿದು ನೀರಿಗಿಳಿಯುತ್ತಿತ್ತು. ಈ ವರ್ಷ ಜಲಜ ಇಳಿಯುತ್ತಾಳಂತೆ ಎಂಬ ಸುದ್ದಿ ಊರಿಗೆಲ್ಲ ಹಬ್ಬಿತ್ತು, ಪಂಚರ್ ಅಂಗಡಿಯಲ್ಲಿ ಗುಟ್ಟು ಉಳಿಯುತ್ತದೆಯೇ? ರಮಿತಾಳನ್ನು ಒಣಮೀನು ಎಂದ ಹುಡುಗಿಯರೂ ನಿಂತಿದ್ದರು. ಪಕ್ಕದ ಮನೆಯ ಸುಂದರಕ್ಕ ಮುಂದೆಯೇ ನಿಂತಿದ್ದಳು. ಊರಿನ ಯಾವ ಪೂಜೆಯಲ್ಲಿ ಯಾವ ತಪ್ಪಾಯಿತು ಎಂದು ಹೇಳುವುದು ಅವಳ ಕೆಲಸ.

ಸುಧಾಕರ ನನ್ನನ್ನು ಎದೆಮಟ್ಟದ ನೀರಿಗೆ ತಂದ. ಒಂದು ಕೈಯಲ್ಲಿ ನನ್ನ ಹಗ್ಗ, ಇನ್ನೊಂದು ಕೈಯಲ್ಲಿ ಗಂಡನ ಕೈ ಹಿಡಿದು ಜಲಜ ನಿಂತಳು. ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಳು. ಒಂದು ತೆರೆ ಬಂತು, ನಾನು ಎತ್ತಿ ಇಳಿಸಿದೆ. ಎರಡನೆಯದೂ ಬಂತು. ದಡದಲ್ಲಿ ರಮಿತಾ ಎರಡೂ ಕೈ ಬಾಯಿಗೆ ಒತ್ತಿಕೊಂಡಿದ್ದಳು. ಜಲಜ ಮಗಳನ್ನೊಮ್ಮೆ ನೋಡಿ, ಮೂಗು ಮುಚ್ಚಲು ಗಂಡನ ಕೈ ಬಿಟ್ಟು, ಮುಳುಗಿದಳು.

ಎದ್ದಳು!

"ಲಾಭ!" ಎಂದು ದಡದಿಂದ ಅಜ್ಜಿ ಕೂಗಿದಳು.

ಮುಳುಗಿದಳು, ಎದ್ದಳು. "ಎರಡ್!" ಮುಳುಗಿದಳು, ಎದ್ದಳು. "ಮೂರ್! ಆಯ್ತ್, ಆಯ್ತ್!" ಅಜ್ಜಿ ಕುಣಿದೇಬಿಟ್ಟಳು. ದಡವಿಡೀ ಹೋ ಎಂದಿತು. ಹನ್ನೊಂದು ವರ್ಷದ ಹರಕೆ ಜಲಜಳ ತಲೆಯಿಂದ ನೀರಾಗಿ ಇಳಿಯುತ್ತಿತ್ತು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ಒದ್ದೆ ಮುಖದಲ್ಲಿ ನನಗೆ ಗೊತ್ತಾಗಲಿಲ್ಲ. ನನ್ನನ್ನು ಎಳೆದುಕೊಂಡೇ ಓಡಿ ದಡಕ್ಕೆ ಬಂದು ಮಗಳನ್ನು ಅಪ್ಪಿಕೊಳ್ಳಲು ಕೈ ಚಾಚಿದಳು.

"ತಡಿ ತಡಿ" ಎಂದಳು ಸುಂದರಕ್ಕ. "ಎರಡೇ ಆದದ್ದಲ್ದಾ?"

"ಎಂತ ಎರಡ್?" ಅಜ್ಜಿ ತಿರುಗಿ ನಿಂತಳು.

"ನೀವ್ ಒಂದ್ ಅಂದ್ರಾ? ಲಾಭ ಅಂದ್ರಿ. ಆಮೇಲೆ ಎರಡ್, ಮೂರ್. ಅಂದ್ರೆ ದೇವ್ರಿಗೆ ಸಿಕ್ಕದ್ದ್ ಎರಡೇ ಅಲ್ದಾ?"

ಮೀನು ಎಣಿಸುವವರು, ಭತ್ತ ಅಳೆಯುವವರು ಮೊದಲನೆಯದನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಒಂದು ಎಂದರೆ ಒಂಟಿಯಾಗುತ್ತದೆ, ಲಾಭ ಎಂದರೆ ಹೆಚ್ಚುತ್ತದೆ ಎಂದು ನಂಬಿಕೆ. ನಲವತ್ತು ವರ್ಷ ಮೀನು ಎಣಿಸಿದ ಅಜ್ಜಿಯ ಬಾಯಿಗೆ ಬೇರೆ ಎಣಿಕೆ ಬರುವುದೇ ಇಲ್ಲ. ಆದರೆ ಹರಕೆಯನ್ನು ಮೀನಿನ ಹಾಗೆ ಎಣಿಸಬಹುದೇ? ದಡದಲ್ಲಿ ಚರ್ಚೆ ಎದ್ದಿತು. ಲಾಭ ಎಂದರೆ ಒಂದೇ ಎಂದರು ಕೆಲವರು. ಲಾಭ ಎಂದರೆ ಸಿಕ್ಕಿದ್ದು, ಕೊಟ್ಟದ್ದಲ್ಲ ಎಂದರು ಇನ್ನು ಕೆಲವರು. ಸುಧಾಕರ ಎರಡೂ ಕಡೆಗೆ ಕೈ ಮುಗಿದ. ದಾರು ಅಜ್ಜಿ ಮರಳಿನಲ್ಲಿ ಕುಸಿದು ಕೂತಳು.

"ನನ್ನ ಬಾಯಿಗೆ ಬೆಂಕಿ ಬೀಳ್ಲಿ. ಹನ್ನೊಂದ್ ವರ್ಷ ಹೆಣ್ಣನ್ನ ಆಡ್ಕಂಡೆ, ಕಡೀಕ್ ನಾನೇ ಹಾಳ್ ಮಾಡ್ದೆ."

ಇನ್ನೊಂದು ಸಲ ಜಲಜಳನ್ನು ನೀರಿಗೆ ಇಳಿಸುವವರು ಯಾರು? ಬನ್ನಿ, ನನ್ನನ್ನು ಎತ್ತಿಕೊಳ್ಳಿ, ನಾನಿದ್ದೇನೆ ಎಂದು ಕೂಗಬೇಕೆನ್ನಿಸಿತು. ಸುಧಾಕರ ನನ್ನ ಹಗ್ಗಕ್ಕೆ ಕೈ ಹಾಕಿದ.

"ಟ್ಯೂಬ್ ಬ್ಯಾಡ" ಎಂದಳು ಜಲಜ.

ಹಲ್ಲು ಕಟಕಟ ಎನ್ನುತ್ತಿತ್ತು, ಆದರೆ ಮುಖದಲ್ಲಿ ಒಂದು ಚೂರೂ ಹೆದರಿಕೆ ಇರಲಿಲ್ಲ. ಬಗ್ಗಿ ಅತ್ತೆಯ ಕೈ ಹಿಡಿದು ಎಬ್ಬಿಸಿದಳು.

"ಅತ್ತೆ, ನೀವ್ ಅಳ್ಬೇಡಿ. ಮೂರ್ ಆದದ್ದ್ ದೇವ್ರಿಗೆ ಗೊತ್ತಿತ್ತ್. ಹರ್ಕೆ ತೀರ್ತ್." ಸುಂದರಕ್ಕನತ್ತ ತಿರುಗಿದಳು. "ನಿಮ್ಗೆ ಇನ್ನೊಂದ್ ಬೇಕಲ್ದಾ? ಅದ್ ಲಾಭದ್ದ್. ಅದನ್ನ ನಾನೂ ನನ್ನ ಮಗ್ಳೂ ಹಾಕ್ತೊ."

ರಮಿತಾಳ ಕಡೆ ಕೈ ಚಾಚಿದಳು. "ಬಾ ಮಗಾ."

ರಮಿತಾ ಒದ್ದೆ ಮರಳಿನ ಗೆರೆಯ ಹತ್ತಿರ ಒಂದು ಕ್ಷಣ ತಡೆದಳು, ಹನ್ನೆರಡು ವರ್ಷದ ಅಭ್ಯಾಸ ನೋಡಿ. ಆಮೇಲೆ ದಾಟಿದಳು. ಪಾದ, ಮೊಣಕಾಲು, ಸೊಂಟ. ತಾಯಿ ಮಗಳು ಕೈ ಕೈ ಹಿಡಿದು ಹೋಗುತ್ತಲೇ ಇದ್ದರು. ಪಕ್ಕದಲ್ಲಿ ಸುಧಾಕರ ನಡೆದನೇ ಹೊರತು ಮುಟ್ಟಲಿಲ್ಲ. ನಾನು ದಡದಲ್ಲಿ ಬಿದ್ದಿದ್ದೆ. ನನ್ನನ್ನು ಬಿಟ್ಟು ಹೋದರಲ್ಲ ಎಂದು ಮೊದಲು ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಮತ್ತೆ ಎರಡು ತಲೆಗಳು ಒಟ್ಟಿಗೆ ಕಾಣೆಯಾದವು, ಒಟ್ಟಿಗೆ ಮೇಲೆದ್ದವು. ರಮಿತಾ ಬಾಯಿ ತುಂಬ ಉಪ್ಪುನೀರು ಉಗುಳಿ, ಇಡೀ ಕೋಡಿತೊಪ್ಲಿಗೆ ಕೇಳುವ ಹಾಗೆ ಕಿರುಚಿದಳು:

"ಒಂದೂ!"

ಸುಂದರಕ್ಕನೇ ಮೊದಲು ಚಪ್ಪಾಳೆ ತಟ್ಟಿದಳು. ಶಾಲೆಯ ಹುಡುಗಿಯರು ಓಡಿ ನೀರಿಗೆ ಹಾರಿದರು. ಮಧ್ಯಾಹ್ನದ ತನಕ ರಮಿತಾ ಮೇಲೆ ಬರಲಿಲ್ಲ. ನನ್ನ ಮೇಲೆ ಒಂದೇ ಸಲ ಐದು ಹುಡುಗಿಯರು ಹತ್ತಿದರು, ಉರುಳಿದರು, ಮತ್ತೆ ಹತ್ತಿದರು. ಒಣಮೀನು ಎಂಬ ಹೆಸರು ಅವತ್ತೇ ಕರಗಿ ಹೋಯಿತು.

ಆಮೇಲಿನ ಐದು ಚಳಿಗಾಲ ನನ್ನ ರಾಜ್ಯಭಾರ. ಆಯ್ತವಾರ ಬಂದರೆ ಜಲಜ ನನ್ನನ್ನು ಉರುಳಿಸಿಕೊಂಡು ಹೊಳೆಬಾಗಿಲಿಗೆ ಹೊರಡುತ್ತಿದ್ದಳು. ಅವಳ ಹಿಂದೆ ನೀರಿಗೆ ಹೆದರುವ ಹೊಸ ಸೊಸೆಯಂದಿರು, ಅವರ ಅತ್ತೆಯರು, ಮಕ್ಕಳು, ಅವಲಕ್ಕಿ ಡಬ್ಬಿ. "ಮೊದ್ಲ್ ಕೂಕಣಿ. ಆಮೇಲೆ ಕಾಲಾಡ್ಸಿ. ಆಮೇಲೆ ಬಿಡಿ" ಎಂದು ಅವಳು ಕಲಿಸುತ್ತಿದ್ದಳು. ಒಂದು ವರ್ಷ ಸುಂದರಕ್ಕನೂ ಬಂದು ಕೂತಳು. ಊರಿಗೆಲ್ಲ ನೇಮ ಹೇಳುವ ಆ ಹೆಂಗಸೂ ಅಷ್ಟು ವರ್ಷ ಮೊಣಕಾಲು ನೀರಿನಿಂದಲೇ ವಾಪಸು ಬರುತ್ತಿದ್ದಳಂತೆ! ಎಷ್ಟು ಹೆಂಗಸರು ನನ್ನನ್ನು ಗಟ್ಟಿಯಾಗಿ ಹಿಡಿದರು, ಎಷ್ಟು ಮಂದಿ ಬಿಟ್ಟು ಹೋದರು. ಹಿಡಿದಾಗ ಆದ ಸಂತೋಷಕ್ಕಿಂತ ಬಿಟ್ಟಾಗ ಆದ ಸಂತೋಷ ದೊಡ್ಡದು. ಲಾರಿಯಲ್ಲಿದ್ದಿದ್ದರೆ ಇದು ನನಗೆ ತಿಳಿಯುತ್ತಲೇ ಇರಲಿಲ್ಲ.

ಈಗ ಮೈಯಲ್ಲಿ ಹದಿನಾಲ್ಕು ತೇಪೆ. ಬಿಸಿಲಿಗೂ ಉಪ್ಪಿಗೂ ರಬ್ಬರು ಬಿರಿದಿದೆ, ಗಾಳಿ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಅಂಗಡಿಯ ಹಿಂದಿನ ಮಾಡಿನ ಕೆಳಗೆ ಒಂದು ಗೂಟಕ್ಕೆ ಸೊಪ್ಪಾಗಿ ನೇತಾಡುತ್ತಿದ್ದೇನೆ. ಮೊನ್ನೆ ಗುಜರಿಯವನು ಗಾಡಿ ತಂದು ನಿಲ್ಲಿಸಿದ. ಸುಧಾಕರ ಹಳೇ ಟಯರುಗಳನ್ನೆಲ್ಲ ಎಸೆದು, ಕೊನೆಗೆ ನನ್ನ ಕಡೆ ಕೈ ಚಾಚಿದ. ನಾನು ಸಿದ್ಧನಾಗಿಯೇ ಇದ್ದೆ.

ಒಳಗಿನಿಂದ ಜಲಜ ಸೌಟು ಹಿಡಿದೇ ಓಡಿ ಬಂದಳು.

"ಹ್ವಾಯ್! ಕೈ ತೆಗೀರಿ ಕಾಂಬ. ಗುರುನ್ ಯಾರಾರೂ ಗುಜ್ರಿಗೆ ಹಾಕ್ತ್ರಾ?"

ಮೈಯಲ್ಲಿ ಒಂದು ಚೂರೂ ಗಾಳಿ ಇರಲಿಲ್ಲ. ಆದರೂ ನಾನು ಉಬ್ಬಿದೆ.